ಶಿಳ್ಳೆ ಹೊಡೆಯುವ ಕಾರಿನ ವಿಚಾರವಾಗಿ ಷಡಕ್ಷರಪ್ಪನವರಿಗೆ

ತುಮಕೂರು
ಭಾನುವಾರ, 30ನೇ ಫೆಬ್ರವರಿ 2189

ತೀರ್ಥರೂಪು ಷಡಕ್ಷರಪ್ಪನವರ ಗ್ರೀಸು ಮೆತ್ತಿದ ಪಾದಗಳಿಗೆ, ತಮ್ಮ ಏಳನೇ ತಲೆಮಾರಿನ ಕುಡಿ ಇಂಚರಾ ಹಲ್ಲು ಕಡಿಯುತ್ತಾ ಮಾಡುವ ನಮಸ್ಕಾರಗಳು. ಇತ್ತ ಕ್ಷೇಮವಿಲ್ಲ, ಕಾರಣ ತಾವು. ತಾರೀಖು ನೋಡಿ ಗಾಬರಿಯಾಗಬೇಡಿ, ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಕಾಲದಲ್ಲಿ ಸರಿಪಡಿಸಿದ್ದಾರೆ. ನನ್ನ ಕೆಲವು ಪದಗಳು ತಮಗೆ ಅರ್ಥವಾಗದಿದ್ದರೆ ಮನ್ನಿಸಬೇಕು. ಅರ್ಥವಾಗುವ ಪದಗಳಿಗೆ ಮಾತ್ರ ನಾನು ಕ್ಷಮೆ ಕೇಳುವವಳಲ್ಲ.

ಈ ಕಾಗದ ಬಂದಿರುವುದು ಹಿಮ್ಮುಖ ಅಂಚೆಯಲ್ಲಿ, ಅಂದರೆ ಕಳೆದುಹೋದ ಕಾಲಕ್ಕೆ ಟಪಾಲು ಮುಟ್ಟಿಸುವ ಇಲಾಖೆಯಿಂದ. ಒಬ್ಬರಿಗೆ ಆಯುಷ್ಯದಲ್ಲಿ ಎರಡೇ ಕಾಗದ. ಮಿಕ್ಕವರು ಅದನ್ನು ತೀರಿಹೋದ ಅಮ್ಮನಿಗೋ ಅಜ್ಜಿಗೋ ಬರೆದು ಕಣ್ಣೀರು ಹಾಕುತ್ತಾರೆ. ನಾನು ಎರಡನ್ನೂ ತಮ್ಮ ಮನೆಯ ಮೇಲೇ ಖರ್ಚು ಮಾಡಿದ್ದೇನೆ. ದ್ವೇಷದಲ್ಲಿ ಜಿಪುಣತನ ನನಗೆ ಆಗಿಬರುವುದಿಲ್ಲ.

ತಾವೀಗ ಒಂದು ಕಾಲನ್ನು ಕಾರಿನೊಳಗಿಟ್ಟು, ಕೈಯಲ್ಲಿ ಕೀ ಹಿಡಿದು ನಿಂತಿದ್ದೀರಿ. ಗಂಟೆ ನಾಲ್ಕು ಇಪ್ಪತ್ತಾರು. ಚಕ್ರಕ್ಕೊಂದರಂತೆ ನಾಲ್ಕು ನಿಂಬೆಹಣ್ಣು ಇಟ್ಟಾಗಿದೆ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ಪಕ್ಕದ ಮನೆಯ ಬೋರಲಿಂಗಯ್ಯನವರು ಮೊಬೈಲಿನಲ್ಲಿ ಹಿಡಿದ ವಿಡಿಯೊ ಇಂದಿಗೂ ಇದೆ. ಮೂರು ಭಾನುವಾರ ತಾವು ಅಂಗಾತ ಮಲಗಿ ದುಡಿದದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಾಲ್ಕೂ ಚಕ್ರ ಎಳೆಯುವ ಕಾರು. ಎಂಜಿನ್ನಿಗೆ ಗಾಳಿ ತುರುಕುವ ಆ ಎರಡು ಟರ್ಬೊಗಳಿಗೆ ಕೈ ತಾಗಬೇಕಾದರೆ ಮುಂದಿನ ಚಕ್ರಗಳ ಶಾಫ್ಟು ಕಳಚಬೇಕು, ಎಂಜಿನ್ ಹೊತ್ತ ಚೌಕಟ್ಟನ್ನೇ ಇಳಿಸಬೇಕು. ಗ್ಯಾರೇಜಿಗೆ ಬಿಡದೆ, ಕಲ್ಲುಚಪ್ಪಡಿ ಮತ್ತು ಜ್ಯಾಕು ನಂಬಿ, ಮನೆಯಂಗಳದಲ್ಲೇ ಎರಡೂ ಟರ್ಬೊ ಬದಲಾಯಿಸಿದಿರಿ. ಹಳೆಯ ಎಣ್ಣೆಯನ್ನು ಒಂದು ದೊಡ್ಡ ಪಾತ್ರೆಗೆ ಬಸಿದಿರಿ. ಆ ಪಾತ್ರೆಯ ಮಾತು ಆಮೇಲೆ.

ಹೊಸ ಟರ್ಬೊ ಒಣಗಿರುತ್ತದೆ. ಎಂಜಿನ್ ಹೊತ್ತಿಕೊಳ್ಳುವ ಮೊದಲೇ ಅದರ ಬೇರಿಂಗಿಗೆ ಎಣ್ಣೆ ಮುಟ್ಟಿರಬೇಕು. ವಿಡಿಯೊದಲ್ಲಿ ಬೋರಲಿಂಗಯ್ಯನವರು "ಷಡಕ್ಷರಿ, ಒಂದೈದು ನಿಮಿಷ ತಡ್ಕೊಳೋ, ಮೊದ್ಲು ಎಣ್ಣೆ ಏರ್ಲಿ" ಎಂದು ಬಡಕೊಳ್ಳುತ್ತಾರೆ. ತಮ್ಮ ಉತ್ತರ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ: "ನಾಲ್ಕೂವರೆಗೆ ರಾಹುಕಾಲ ಕಣಯ್ಯ! ಎಣ್ಣೆ ಏನು, ತಾನಾಗೇ ಏರ್ತದೆ, ಸುಮ್ನಿರು." ಈ ಕಾಗದ ಮುಟ್ಟದ ಆ ಚರಿತ್ರೆಯಲ್ಲಿ ತಾವು ನಾಲ್ಕು ಇಪ್ಪತ್ತೆಂಟಕ್ಕೆ ಕೀ ತಿರುಗಿಸಿದಿರಿ. ಒಣ ಬೇರಿಂಗಿಗೆ ಗೀರು ಬಿತ್ತು. ಕಾರು ಶಿಳ್ಳೆ ಹಾಕಿತು. ತಾವು ತಪ್ಪೊಪ್ಪಿಕೊಂಡಿರಾ? "ಟರ್ಬೊ ಅಂದ್ಮೇಲೆ ಶಿಳ್ಳೆ ಹೊಡೀಲೇಬೇಕು" ಎಂದು ಮೀಸೆ ತಿರುವಿದಿರಿ.

ನಮ್ಮ ಕಾಲದಲ್ಲಿ ಕೈಗೆಲಸದ ಹಬ್ಬ ಎಂಬುದೊಂದಿದೆ. ಪೂರ್ವಜರು ಸ್ವಂತ ಕೈಯಿಂದ ರಿಪೇರಿ ಮಾಡಿದ ಯಂತ್ರವನ್ನು ಪ್ರತಿ ಮನೆಯವರೂ ವರ್ಷಕ್ಕೊಮ್ಮೆ ದೇವರಾಯನದುರ್ಗದ ಗುಡ್ಡ ಹತ್ತಿಸಬೇಕು. ಪೂರ್ವಜರ ಕೆಲಸವನ್ನು ತಿದ್ದುವುದು ಅಪರಾಧ. ಹೀಗಾಗಿ ನೂರೈವತ್ತು ವರ್ಷಗಳಿಂದ ನಮ್ಮ ಕಾರು ಶಿಳ್ಳೆ ಹಾಕುತ್ತಾ, ನೀಲಿ ಹೊಗೆ ಬಿಡುತ್ತಾ, ಮೂರನೇ ತಿರುವಿನಲ್ಲಿ ಸುಸ್ತಾಗಿ ನಿಲ್ಲುತ್ತದೆ. ಬೋರಲಿಂಗಯ್ಯನವರ ಹಳೇ ಸ್ಕೂಟರು ಪಕ್ಕದಲ್ಲೇ ಹಾದುಹೋಗುತ್ತದೆ. ಹೋದ ವರ್ಷ ಅವರ ವಂಶದ ತಾರಿಣಿ ವೇಗ ತಗ್ಗಿಸಿ, ಇಡೀ ಗುಡ್ಡಕ್ಕೆ ಕೇಳುವಂತೆ ನಮ್ಮಮ್ಮನನ್ನು ಕೇಳಿದಳು: "ಆಂಟಿ, ಎಷ್ಟು ವಿಷಲ್ ಆಯ್ತು? ಬೇಳೆ ಬೆಂದಿರ್ಬೇಕಲ್ಲ, ಇಳಿಸ್ಬಿಡಿ." ಅಮ್ಮ ಆಮೇಲೆ ಸ್ಟೀರಿಂಗ್ ಮುಟ್ಟಿಲ್ಲ. ನಾಳೆ ಹಬ್ಬ. ಈ ಸಲ ಓಡಿಸುವವಳು ನಾನು. ಆ ಮೂರನೇ ತಿರುವು ದಾಟದೆ ನನಗೆ ನಿದ್ದೆಯಿಲ್ಲ.

ಈಗ ತಮ್ಮ ಗಡಿಯಾರ ನೋಡಿಕೊಳ್ಳಿ.

ನಾಲ್ಕು ಮೂವತ್ತೊಂದು. ಇಷ್ಟುದ್ದ ಯಾಕೆ ಬರೆದೆ ಅಂದುಕೊಂಡಿರಿ? ರಾಹುಕಾಲ ಶುರುವಾಗಿದೆ. ಇನ್ನು ಆರು ಗಂಟೆಯವರೆಗೆ ತಾವು ಎಂಜಿನ್ ಹೊತ್ತಿಸುವ ಹಾಗಿಲ್ಲ. ತಮ್ಮ ಧೈರ್ಯ ಎಷ್ಟರದೆಂದು ವಂಶಕ್ಕೆಲ್ಲ ಗೊತ್ತು. ಕೂತು ಬೆವರಿ. ಬೇಜಾರಾದರೆ ಪೆಟ್ರೋಲ್ ಪಂಪಿನ ಫ್ಯೂಸು ಕಿತ್ತು, ಎಂಜಿನ್ ಹೊತ್ತಿಕೊಳ್ಳದ ಹಾಗೆ ಸ್ಟಾರ್ಟರನ್ನು ಬಿಟ್ಟು ಬಿಟ್ಟು ತಿರುಗಿಸಿ, ಎಣ್ಣೆ ಟರ್ಬೊವರೆಗೂ ಏರಲಿ. ಅದು ಸ್ಟಾರ್ಟ್ ಮಾಡಿದಂತಲ್ಲ, ರಾಹುವಿನ ತಕರಾರಿಲ್ಲ. ಜೋಯಿಸರನ್ನು ಕೇಳಿ ತಿಳಿದುಕೊಂಡೇ ಬರೆಯುತ್ತಿದ್ದೇನೆ. ಬೋರಲಿಂಗಯ್ಯನವರನ್ನೇ ಕರೆದು, "ನೀನು ಹೇಳಿದ್ದೇ ಸರಿ" ಎಂದು ಬಾಯಿಬಿಟ್ಟು ಹೇಳಿ. ವಿಡಿಯೊದಲ್ಲಿ ಅದು ಸ್ಪಷ್ಟವಾಗಿ ಕೇಳಬೇಕು.

ನಾಳೆ ಶಿಳ್ಳೆ ಕೇಳದಿದ್ದರೆ ಶಿಳ್ಳೆಯ ಮಟ್ಟಿಗೆ ಕ್ಷಮಿಸುತ್ತೇನೆ. ಅಮ್ಮನ ಮುಖ ಸಣ್ಣದಾದದ್ದಕ್ಕೆ ಬೇರೆ ಶಿಕ್ಷೆಯಿದೆ. ನನ್ನ ಎರಡನೇ ಕಾಗದ ಇದೇ ಹೊತ್ತಿಗೆ ತಮ್ಮ ಅಡುಗೆಮನೆಗೆ, ತಮ್ಮ ಧರ್ಮಪತ್ನಿ ಚೆನ್ನವೀರಮ್ಮಜ್ಜಿಯ ಕೈಗೆ ತಲುಪಿದೆ. ಅದರಲ್ಲಿರುವುದು ಒಂದೇ ಸಾಲು: "ಅಜ್ಜಿ, ಮೂರು ವಾರದಿಂದ ನೀವು ಹುಡುಕುತ್ತಿರುವ ತವರಿನ ಇಡ್ಲಿಪಾತ್ರೆ ಕಾರಿನಡಿಯಲ್ಲಿದೆ, ಒಳಗೆ ಏನಿದೆಯೆಂದು ನೀವೇ ನೋಡಿ."

ಅವರದು ಚಿಕ್ಕ ಕಾಗದ. ಆಗಲೇ ಓದಿ ಮುಗಿಸಿರುತ್ತಾರೆ. ಕಾರಿನೊಳಗೆ ಕೂತು ಬಾಗಿಲು ಹಾಕಿಕೊಳ್ಳಿ ಅಜ್ಜ. ಆದರೆ ಎಂಜಿನ್ ಮಾತ್ರ ಹೊತ್ತಿಸಬೇಡಿ.

ಇಂತಿ ತಮ್ಮ ವಂಶದ ಶಿಳ್ಳೆಯಿಂದಲೇ ಹೆಸರು ಪಡೆದ,
ಇಂಚರಾ