ಮರ್ಯಾದಸ್ಥ ಬಾವಿ

ಪ್ರೀತಿಯ ಅಪ್ಪನಿಗೆ,

ನೀನು ಬಸ್ಸಿನಲ್ಲಿ ಕಳಿಸಿದ ಬಾವಿ ನೀರಿನ ಬಾಟಲಿ ತಲುಪಿತು. ಲ್ಯಾಬಿನಲ್ಲಿ ನಾನೇ ಪರೀಕ್ಷೆ ಮಾಡಿದೆ. ಎಷ್ಟು ಹುಡುಕಿದರೂ ಒಂದು ಕ್ರಿಮಿ ಇಲ್ಲ. ತೆರೆದ ಬಾವಿಯ ನೀರು ಇಷ್ಟೊಂದು ಸಾಚಾ ಇರುವುದಿಲ್ಲ, ಅಪ್ಪ. ಅಮ್ಮನಿಗೆ ಫೋನ್ ಮಾಡಿದೆ. "ನಿಮ್ಮಪ್ಪ ಎರಡು ಸಲ ಕುದಿಸಿ, ಸೋಸಿ ತುಂಬಿದ್ರು ಕಣೇ. ಮಗಳ ಆಫೀಸಲ್ಲಿ ನಮ್ಮ ಬಾವಿ ಮರ್ಯಾದೆ ಹೋಗ್ಬಾರ್ದಂತೆ" ಅಂದಳು. ನಗು ತಡೆಯಲಾಗಲಿಲ್ಲ.

ಆದರೆ ಗೊಬ್ಬರದಿಂದ ನೀರಿಗೆ ಇಳಿಯುವ, ಕುದಿಸಿದರೂ ಹೋಗದ ನೈಟ್ರೇಟ್ ಎಂಬ ಲವಣ ಅದರಲ್ಲಿ ಸಿಕ್ಕಿದೆ. ನಾವು ದೊಡ್ಡವರು ಹೇಗೋ ತಡೆದುಕೊಂಡೇವು, ಹಸುಗೂಸಿಗೆ ಅದು ವಿಷ. ಅಕ್ಕ ಕೂಸನ್ನು ಎತ್ತಿಕೊಂಡು ಇನ್ನೇನು ಬರುತ್ತಾಳೆ. ಕೂಸಿನ ಹಾಲಿನ ಪುಡಿ ಕಲಸಲು ಬಾವಿ ನೀರು ಬೇಡವೇ ಬೇಡ, ಕುದಿಸಿದ್ದೂ ಬೇಡ. ಅಂಗಡಿಯಿಂದ ಕ್ಯಾನ್ ನೀರು ತರಿಸು. ಬಾವಿಯ ಪಕ್ಕದ ಗೊಬ್ಬರದ ಗುಂಡಿಯನ್ನು ಹಿತ್ತಲಿನ ಕೊನೆಗೆ, ಇಳಿಜಾರಿನ ಕಡೆಗೆ ಸಾಗಿಸು. ನಿನ್ನ ಬಾವಿಯನ್ನು ಯಾರೂ ಬಯ್ಯುತ್ತಿಲ್ಲ ಮಾರಾಯ, ಬಯ್ಗುಳವೆಲ್ಲ ಆ ಗುಂಡಿಗೆ.

ಕುದಿಸಿದರೆ ನೀರು ಆವಿಯಾಗಿ ಕಡಿಮೆಯಾಗುತ್ತದೆ, ನೈಟ್ರೇಟ್ ಅಷ್ಟೇ ಉಳಿಯುತ್ತದೆ; ಹಾಗಾಗಿ ಬಾವಿಯಲ್ಲಿ ಅದು ನಿಜವಾಗಿ ಎಷ್ಟಿದೆ ಎಂದು ಕುದಿಸಿದ ನೀರು ಹೇಳುವುದಿಲ್ಲ. ಬೇರೆ ಬಾಟಲಿ ಕಳಿಸಿದ್ದೇನೆ. ಅದನ್ನು ತೊಳೆಯಲು ಹೋಗಬೇಡ, ನೀರು ಸೇದಿ ಹಾಗೇ ತುಂಬು. ಶಾಲೆಯ ಫೋಟೋ ದಿನ ನೀನು ನನ್ನ ತಲೆ ಬಾಚಿದ್ದು ನೆನಪಿದೆಯಾ? ಗುಂಗುರು ಕೂದಲನ್ನೆಲ್ಲ ನೀರು ಹಚ್ಚಿ ನೆತ್ತಿಗೆ ಅಂಟಿಸಿ ಕಳಿಸಿದ್ದೆ. ಫೋಟೋ ಮನೆಗೆ ಬಂದಾಗ ನೀನೇ ಅಮ್ಮನನ್ನು ಕೇಳಿದ್ದೆ: "ಇದ್ರಲ್ಲಿ ನಮ್ಮ ಹುಡುಗಿ ಎಲ್ಲೇ?"

ನಿನ್ನ ಬಾಲಂಗೋಚಿ