ಕರೆ ಮಾಡುವ ಹೊತ್ತು

ಪ್ರಿಯ ಮ್ಯಾನೇಜರ್ ಸರ್,

ಮದುವೆಗೆ ನೀವು ಕೊಟ್ಟ ಟೀ ಸೆಟ್ ಎಷ್ಟು ಚೆನ್ನಾಗಿದೆ ಗೊತ್ತಾ! ನನ್ನವರು ದಿನಕ್ಕೆ ಆರು ಸಲ ಟೀ ಕೇಳುತ್ತಾರೆ.

ರಜೆಯಲ್ಲೂ ಬರೆಯುತ್ತಿರುವುದು ನಮ್ಮ ಮನೆ ಸಾಗಣೆ ಕಂಪನಿಯ ಆನ್‌ಲೈನ್ ಫಾರ್ಮ್ ಬಗ್ಗೆ. ಹದಿನಾಲ್ಕು ಪ್ರಶ್ನೆಗಳನ್ನು ಐದಕ್ಕೆ ಇಳಿಸಿ ಹಿರಿಹಿರಿ ಹಿಗ್ಗಿದವಳು ನಾನು. ‘ಯಾವ ಹೊತ್ತಿಗೆ ಕರೆ ಮಾಡಬಹುದು?’ ಎಂಬುದನ್ನು ಹೆಚ್ಚಿನವರು ತುಂಬುತ್ತಿರಲಿಲ್ಲ, ಅದನ್ನೂ ತೆಗೆದೆ.

ಕಳೆದ ವಾರ ಒಬ್ಬಾಕೆ ‘ಹೋಗುವವರು: ನಾನು, ಮಗು’ ಎಂದು ತುಂಬಿದರು. ಉತ್ತರ ನೋಡಿ ಪ್ರಶ್ನೆ ಬದಲಿಸುವ ನಮ್ಮ ಜಾಣ ಫಾರ್ಮ್, ತೊಟ್ಟಿಲು ಇದೆಯೇ ಎಂದು ಕೇಳಿತು. ಕಾಲ್ ಸೆಂಟರಿನ ಗೆಳತಿ ಕೂಡಲೇ ಕರೆ ಮಾಡಿದಳು. ಫೋನ್ ಎತ್ತಿದ್ದು ಆಕೆಯ ಗಂಡ.

“ಮೇಡಂ ಮನೆ ಬದಲಾಯಿಸ್ತಿದ್ದಾರಲ್ಲ ಸರ್, ಗಾಡಿ ಯಾವತ್ತು ಕಳಿಸ್ಲಿ?”

“ಹೌದಾ? ದಿನ ನಾನೇ ಗೊತ್ತು ಮಾಡ್ತೀನಿ ಬಿಡಮ್ಮ” ಎಂದು ನಕ್ಕನಂತೆ. ಫೋನ್ ಇಡುವ ಮೊದಲು ಕೇಳಿಸಿದ್ದನ್ನು ಗೆಳತಿ ನನಗೆ ಹೇಳಲಾರದೆ ಅತ್ತಳು.

ದಯವಿಟ್ಟು ಆ ಪ್ರಶ್ನೆಯನ್ನು ಇವತ್ತೇ ಮತ್ತೆ ಹಾಕಿಸಿ. ಬೆಳಗ್ಗೆಯಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ವಿಳಾಸದ ಇನ್ನೊಂದು ಫಾರ್ಮ್ ಅರ್ಧ ತುಂಬಿ, ಫೋನ್ ನಂಬರಿನ ಜಾಗಕ್ಕೆ ಬಂದು ನಿಂತಿದೆ. ಆಕೆ ಇನ್ನೂ ಕಳಿಸಿಲ್ಲ, ಮುಚ್ಚಿಯೂ ಇಲ್ಲ.

ಇಂತಿ,
ನಿಮ್ಮ ಫಾರ್ಮ್ ಡಿಸೈನರ್