ಬೋಣಿಯಾಗದ ಬಾಗಿಲು

ಕಡಬಗೇರಿ, ಮೂರನೆಯ ಮುಚ್ಚಳದ ಕೆಳಗೆ
ಭಾದ್ರಪದದ ಮೂವತ್ತೊಂಬತ್ತನೆಯ ದಿನ, ೨೨೦೭

ಚುರಮರಿ ಅಂಗಡಿಯ ಕಾಶವ್ವನಿಗೆ, ನಿನ್ನ ಮೊಮ್ಮಗಳ ಮೊಮ್ಮಗಳ ಮೊಮ್ಮಗಳು ಬಾಳವ್ವ ಮಾಡುವ ಶರಣು.

ಭಾದ್ರಪದಕ್ಕೆ ಮೂವತ್ತೊಂಬತ್ತು ದಿನ ಎಲ್ಲಿಂದ ಬಂದವು ಎಂದು ನಗಬೇಡ. ನಮ್ಮ ತಿಂಗಳಿಗೆ ನಲವತ್ತು ದಿನ. ಯಾಕೆಂದು ನನಗೂ ಗೊತ್ತಿಲ್ಲ, ನಾನು ಹುಟ್ಟುವ ಮೊದಲೇ ಹಾಗೆ ಮಾಡಿಟ್ಟಿದ್ದರು. ನನ್ನ ಮಾತು ಅಲ್ಲಲ್ಲಿ ನಿನಗೆ ಒರಟಾಗಿ ಕೇಳಿಸಬಹುದು, ಅದನ್ನು ಹೊಟ್ಟೆಗೆ ಹಾಕಿಕೋ. ನಮ್ಮಲ್ಲಿ ಈಗ ಯಾರೂ ಕೈಯಿಂದ ಬರೆಯುವುದಿಲ್ಲ, ಯಾರೂ ಕಲಿಸುವುದೂ ಇಲ್ಲ. ನಮ್ಮ ನೀರಿನ ತೊಟ್ಟಿಯ ಮೇಲೆ ಮುಚ್ಚಿದ್ದ ಒಂದು ತಗಡಿನ ಮೇಲೆ ಬಣ್ಣದ ಅಕ್ಷರಗಳಿದ್ದವು. ಅಜ್ಜಿ ಬೆರಳಿಟ್ಟು ಓದುತ್ತಿದ್ದಳು: ‘ದಾವಲಸಾಬ, ಎತ್ತಿನ ಸಾಮಾನಿನ ಅಂಗಡಿ, ಪೇಟೆ ಓಣಿ, ಕಡಬಗೇರಿ.’ ನನ್ನ ವಿದ್ಯೆ ಅಲ್ಲಿಂದ ಶುರುವಾಯಿತು. ಆ ತಗಡಿನಲ್ಲಿ ಇಲ್ಲದ ಅಕ್ಷರಗಳನ್ನು ಒಡೆದ ಗೋಡೆ, ಹಳೆಯ ಡಬ್ಬಿ, ಗೋರಿಕಲ್ಲುಗಳಿಂದ ಹೆಕ್ಕಿಕೊಂಡೆ. ಇನ್ನೊಂದು ತೊಡಕೂ ಇದೆ. ನೀನು ನನಗೆ ಅಜ್ಜಿಯರ ಅಜ್ಜಿ. ಆದರೆ ಈ ಓಲೆ ನಿನ್ನ ಕೈಗೆ ಸಿಗುವಾಗ ನಿನಗೆ ನಲವತ್ತರ ಸುಮಾರು, ನನಗೆ ಎಂಬತ್ತು. ಒಮ್ಮೆ ಅವ್ವಾ ಎಂದು, ಇನ್ನೊಮ್ಮೆ ಮಗಳೇ ಎಂದು ಬರೆದರೆ ಸಿಟ್ಟಾಗಬೇಡ.

ಹಿರಿಯರಿಗೆ ಎಡೆ ಇಡುವ ಪದ್ಧತಿ ನಮ್ಮಲ್ಲಿ ಇನ್ನೂ ಉಳಿದಿದೆ. ನೀವು ಹೋಳಿಗೆ, ಅನ್ನ ಇಡುತ್ತಿದ್ದಿರಿ. ನಾವು ಜೊತೆಗೆ ಒಂದು ‘ಹಿಂದೋಲೆ’ಯನ್ನೂ ಇಡುತ್ತೇವೆ. ಹಿಂದಿನವರಿಗೆ ಬರೆಯುವ ಓಲೆ ಅದು, ಯಾವ ದಿನಕ್ಕೆಂದು ಇಟ್ಟರೆ ಆ ದಿನಕ್ಕೆ ಮುಟ್ಟುತ್ತದೆ ಎನ್ನುತ್ತಾರೆ. ಹೆಚ್ಚಿನವರು ಅದರಲ್ಲಿ ಏನೂ ಬರೆಯದೆ ಖಾಲಿ ಹಾಳೆ ಮಡಚಿ ಇಡುತ್ತಾರೆ. ಬೆಳಗಾಗುವುದರೊಳಗೆ ಹಾಳೆ ಇರುವುದಿಲ್ಲ. ಎಲ್ಲಿಗೆ ಹೋಗುತ್ತದೆಯೋ ನೋಡಿದವರಿಲ್ಲ. ನಾಳೆ ಎಡೆಯ ದಿನ. ನಾನು ಬರೆದು ಇಡುತ್ತಿರುವುದು ಇದೇ ಮೊದಲು, ಇನ್ನೊಂದು ವರ್ಷ ಕಾಯಲು ವೇಳೆಯೂ ಇಲ್ಲ.

ನಮ್ಮ ಊರು ಹೇಗಿದೆ ಎಂದು ಹೇಳದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ. ನಿನ್ನ ಪೇಟೆ ಓಣಿಯನ್ನು ಒಡೆದು ದೊಡ್ಡ ಸಂಕೀರ್ಣ ಕಟ್ಟಿದರು, ಅದು ಅರವತ್ತು ವರ್ಷ ಬಾಳಿತಂತೆ. ಆಮೇಲೆ ಒಡೆಯುವ ಗೋಜೇ ಬೇಡವೆಂದು ಅದರ ಮೇಲೆ ಒಂದು ಚಪ್ಪಡಿ ಹೊದಿಸಿ ಹೊಸ ಊರು ಕಟ್ಟಿದರು. ಅದನ್ನು ‘ಮುಚ್ಚಳ’ ಎನ್ನುತ್ತಾರೆ. ಹಾಗೆ ಮೂರು ಮುಚ್ಚಳಗಳಾಗಿವೆ. ಮೇಲಿನವರಿಗೆ ಸೂರ್ಯ ಸಿಗುತ್ತಾನೆ. ನಾವು ಕೆಳಗಿನವರು, ನಮಗೆ ಗೋಡೆಯೇ ಬೆಳಕು ಕೊಡುತ್ತದೆ. ಅಂಗಡಿ ಎಂಬುದು ಎಲ್ಲಿಯೂ ಇಲ್ಲ. ಪ್ರತಿ ಮನೆಯ ಗೋಡೆಯಲ್ಲಿ ಒಂದು ‘ಬೇಕುಗಂಡಿ’ ಇದೆ. ನಮಗೇನು ಬೇಕೋ ಅದಕ್ಕೆ ಮೊದಲೇ ಗೊತ್ತಾಗಿ ತಂದು ಹಾಕುತ್ತದೆ. ಚಪ್ಪಲಿ ಸವೆಯುವ ಮುಂಚೆ ಹೊಸ ಚಪ್ಪಲಿ, ಹಸಿವಾಗುವ ಮುಂಚೆ ಬಿಸಿ ರೊಟ್ಟಿ. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಕೊಡಬೇಕಿಲ್ಲ, ಯಾರ ಮಾರಿಯನ್ನೂ ನೋಡಬೇಕಿಲ್ಲ. ಹೋದ ವರ್ಷ ಪಕ್ಕದ ಮನೆಯ ಶಾವಂತ್ರಿಯ ಗಂಡಿಯಲ್ಲಿ ಒಂದು ಬಿಳಿಯ ಬಟ್ಟೆ ಬಂದು ಬಿತ್ತು. ಆರು ಮೊಳ, ಅಂಚಿಲ್ಲದ್ದು, ಹೆಣಕ್ಕೆ ಹೊದಿಸುವಂಥದ್ದು. ಅವತ್ತು ಅವಳಿಗೆ ನೆಗಡಿಯೂ ಇರಲಿಲ್ಲ. ಮಡಚಿ ಮೊಣಕಾಲ ಮೇಲೆ ಇಟ್ಟುಕೊಂಡು ನಾಲ್ಕು ದಿನ ಕೂತಳು. ಗಂಡಿ ತಪ್ಪು ಮಾಡುವುದಿಲ್ಲ.

ಅಂಥ ದಿನಗಳಲ್ಲಿ ನಾನು ಕೆಳಗಿಳಿಯತೊಡಗಿದೆ. ಎಲ್ಲಕ್ಕಿಂತ ಕೆಳಗಿನ ನೆಲಕ್ಕೆ ಹೋಗುವ ಮೆಟ್ಟಿಲುಗಳು ಇನ್ನೂ ಇವೆ. ಅಲ್ಲಿ ಸಂಕೀರ್ಣದ ಕಂಬಗಳ ನಡುವೆ, ನಿನ್ನ ಪೇಟೆ ಓಣಿ ಇದ್ದ ಮಣ್ಣು ಸ್ವಲ್ಪ ಉಳಿದಿದೆ. ಮೊದಲ ದಿನ ಬರೀ ವಾಸನೆ ಬಂತು, ಹೊಸ ಹಗ್ಗದ್ದು, ಎಣ್ಣೆ ತಿಕ್ಕಿದ ಚಕ್ಕಳದ್ದು. ಅದು ಯಾವುದರ ವಾಸನೆ ಎಂದು ನನಗೆ ಗೊತ್ತಿರಬಾರದು, ಆದರೂ ಬಾಯಲ್ಲಿ ನೀರೂರಿತು. ಎರಡನೆಯ ದಿನ ಗೆಜ್ಜೆಯ ಸದ್ದು. ಆಮೇಲೆ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಎರಡು ಕಂಬಗಳ ನಡುವೆ, ನಮ್ಮ ತಗಡಿನಲ್ಲಿ ಓದಿದ್ದ ಆ ಎತ್ತಿನ ಸಾಮಾನಿನ ಅಂಗಡಿ ತೆರೆದೇ ಇತ್ತು. ಬಾಗಿಲ ಹಲಗೆಗಳನ್ನು ತೆಗೆದು ಗೋಡೆಗೆ ಒರಗಿಸಿದ್ದರು. ಮೂಗುದಾರಗಳು, ಕೆಂಪು ಗೊಂಡೆಗಳು, ಗೆಜ್ಜೆಸರಗಳು ಜೋತಾಡುತ್ತಿದ್ದವು. ಒಳಗೆ ಹಲ್ಲಿಲ್ಲದ ಮುದುಕ ಒಬ್ಬ ಗೆಜ್ಜೆಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತ ಕೂತಿದ್ದ.

“ಬಾರವಾ, ಒಳಗ ಬಾ,” ಎಂದ. “ಏನ ಬೇಕಾಗಿತ್ತು?”

ಕಾಶವ್ವಾ, ಎಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಮ್ಮಲ್ಲಿ ಆ ಪ್ರಶ್ನೆಯೇ ಇಲ್ಲ. ಜೋತಾಡುತ್ತಿದ್ದ ಗೆಜ್ಜೆಸರವೊಂದನ್ನು ಮುಟ್ಟಿ ನೋಡಿದೆ. ಅವನು ನನ್ನ ಮಾರಿಯನ್ನು ದಿಟ್ಟಿಸಿ, “ಚುರಮರಿ ಕಾಶವ್ವಗ ನೀ ಏನಾಗಬೇಕು? ಆಕಿ ದೊಡ್ಡವ್ವನೇನ? ಮೂಗು ಥೇಟ್ ಆಕೀದ ಐತಿ,” ಎಂದ. ಸಂಬಂಧಿ ಎಂದಷ್ಟೇ ಹೇಳಿದೆ. “ಹಂಗಾರ ಆಕಿಗೆ ಹೇಳು. ದೀಪಾ ಹಚ್ಚೋ ಹೊತ್ತಾತು. ಇನ್ನೂ ಬೋಣಿ ಆಗಿಲ್ಲ.”

ನಿಮ್ಮ ಪೇಟೆಯ ಪದ್ಧತಿ ನನಗೆ ಗೊತ್ತು. ನಿನ್ನ ಮಾತು ನನಗೆ ಬಂದದ್ದು ಎರಡೇ ಬಾಯಿ ದಾಟಿ. ನಿನ್ನ ಮೊಮ್ಮಗಳು ತನ್ನ ಮೊಮ್ಮಗಳಿಗೆ ಹೇಳಿದಳು, ಅವಳು ನನಗೆ ಹೇಳಿದಳು. ತೆರೆದ ಬಾಗಿಲನ್ನು ಬೋಣಿಯಾಗದೆ ಮುಚ್ಚಬಾರದು. ದಿನವಿಡೀ ಯಾರೂ ಬಾರದಿದ್ದರೆ ಸಂಜೆಗೆ ನೆರೆ ಅಂಗಡಿಯವರು ಹೋಗಿ ಏನಾದರೂ ಕೊಳ್ಳಬೇಕು. ಆದರೆ ಬೋಣಿಗೆ ಬಂದೆ ಎನ್ನಬಾರದು, ಬೋಣಿಯಾಯಿತೇ ಎಂದು ಕೇಳಲೂ ಬಾರದು. ಮರುಕದ ಬೋಣಿ ಅಂಗಡಿಗೆ ಆಗಿಬರುವುದಿಲ್ಲ. ಅದಕ್ಕೆ ನೆಪ ಹುಡುಕಬೇಕು, ಚೌಕಾಸಿ ಮಾಡಬೇಕು, ಬೈದಾಡಬೇಕು. ಊರಿಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದ ಮೇಲೆ ದಾವಲಸಾಬನಿಗೆ ಎಷ್ಟೋ ದಿನ ನೀನೇ ಬೋಣಿ. ನಿನ್ನ ಮನೆಯಲ್ಲಿ ಎತ್ತಿನ ಬಾಲವೂ ಇರಲಿಲ್ಲ, ಆದರೆ ಬಾಗಿಲಿಗೆ ಗೆಜ್ಜೆ, ತೊಟ್ಟಿಲಿಗೆ ಗೆಜ್ಜೆ, ಬೆಕ್ಕಿನ ಕೊರಳಿಗೂ ಗೆಜ್ಜೆ. ಇಲಿಗಳು ನಿನ್ನ ಬೆಕ್ಕಿಗೆ ಹೆದರುವುದನ್ನು ಬಿಟ್ಟು ಸದ್ದು ಕೇಳಿ ಕುಣಿಯುತ್ತಿದ್ದವು ಎಂದು ಅಜ್ಜಿ ಹೇಳಿ ನಗುತ್ತಿದ್ದಳು. ಅವನೂ ಕಮ್ಮಿಯಿಲ್ಲ. ನಿನ್ನ ವ್ಯಾಪಾರ ಮಂದವಾದ ದಿನ ಚುರಮರಿ ಕೊಳ್ಳಲು ಬರುತ್ತಿದ್ದನಂತೆ.

“ಹಲ್ಲಿಲ್ಲದವಗ ಚುರಮರಿ ಯಾಕೋ ದಾವಲಣ್ಣಾ?”

“ನನಗಲ್ಲವಾ, ಗುಬ್ಬಿಗೆ. ನಿನ್ನ ಚುರಮರಿ ತಿಂದು ಅವಕ್ಕೂ ಹಲ್ಲ ಉದುರ್‍ಯಾವು, ನೋಡು ಬೇಕಾರ.”

ನಿನಗೆ ಇನ್ನೂ ಬಾರದ, ನನಗೆ ಎಂದೋ ಕಳೆದುಹೋದ ಕೊನೆಯ ದಿನದ ಸಂಗತಿಯೂ ಗೊತ್ತು. ಓಣಿ ಕೆಡವುವ ಯಂತ್ರ ನಾಳೆ ಬೆಳಿಗ್ಗೆ ಬರುತ್ತದೆ ಎಂದು ಊರೆಲ್ಲ ಸಾರಿದ್ದರು. ಮಿಕ್ಕವರು ಸಾಮಾನು ಕಟ್ಟಿ ಹೊರಟಾಗಿತ್ತು. ಓಣಿಯಲ್ಲಿ ಬಾಗಿಲು ತೆರೆದದ್ದು ನೀವಿಬ್ಬರೇ. ನಿನ್ನ ಅಂಗಡಿಗೆ ಕಡೆಯ ಚುರಮರಿ ಎಂದು ಜನ ಮುಗಿಬಿದ್ದರು. ಅವನ ಕಟ್ಟೆಯನ್ನು ಯಾರೂ ಹತ್ತಲಿಲ್ಲ. ಸಂಜೆಗೆ ನೀನು ಕೈಚೀಲ ಹಿಡಿದು ನಿಂತೆ, ಹೋಗಲಿಲ್ಲ. ನಾಳೆ ಇಲ್ಲವಾಗುವ ಅಂಗಡಿಯಲ್ಲಿ ಇವತ್ತು ಗೆಜ್ಜೆ ಕೊಂಡರೆ, ಅದಕ್ಕೆ ಯಾವ ನೆಪ ಹೇಳಿದರೂ ಸತ್ತವರ ಮನೆಗೆ ಹೋಗಿ ಪಾತ್ರೆ ಕೇಳಿದ ಹಾಗಾಗುತ್ತದೆ, ಅವನಿಗೆ ನೋವಾಗುತ್ತದೆ ಎಂದುಕೊಂಡೆ. ಅವನ ಕಣ್ಣಿಗೆ ಬೀಳಬಾರದೆಂದು ಹಿಂಬಾಗಿಲಿನಿಂದ ಮನೆಗೆ ನಡೆದೆ. ನೀನು ಮಾಡಿದ್ದು ಮರ್ಯಾದೆಗೆಂದೇ, ನನಗೆ ಗೊತ್ತು ಮಗಳೇ. ಅವನು ದೀಪದ ಹೊತ್ತು ಮೀರುವವರೆಗೂ ನಿನ್ನ ದಾರಿ ನೋಡಿದ. ಬೋಣಿಯಾಗದ ಬಾಗಿಲನ್ನು ಮುಚ್ಚುವಂತಿಲ್ಲ. ಹಲಗೆಗಳನ್ನು ಗೋಡೆಗೆ ಒರಗಿಸಿದಂತೆಯೇ ಬಿಟ್ಟು ಎದ್ದು ಹೋದ. ಯಂತ್ರ ಬಂದು ಕೆಡವಿದ್ದು ತೆರೆದ ಅಂಗಡಿಯನ್ನು. ನಿನಗೆ ಸಿಕ್ಕಿದ್ದು ಮಣ್ಣಿನಲ್ಲಿ ಬಿದ್ದಿದ್ದ ಆ ತಗಡು ಮಾತ್ರ. ಮುಪ್ಪಿನಲ್ಲಿ ನೀನು ಸಂಜೆಯಾದರೆ ಸಾಕು, ಚೀಲ ಎತ್ತಿಕೊಂಡು ಹೊಸಿಲಿಗೆ ಬಂದು, “ಹೋಗಬೇಕಾಗಿತ್ತು ನಾ,” ಎನ್ನುತ್ತಿದ್ದೆಯಂತೆ. ಎಲ್ಲಿಗೆ ಎಂದು ಕೇಳಿದರೆ ಆ ಮೊಮ್ಮಗಳೊಬ್ಬಳಿಗೆ ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ.

ಅವನು ಆಮೇಲೆ ಮಗಳ ಊರಿಗೆ ಹೋಗಿ ಅಲ್ಲಿಯೇ ಮಣ್ಣಾದ ಎನ್ನುತ್ತಾರೆ. ಇರಬಹುದು. ಇಲ್ಲಿ ಮಾತ್ರ ಅವನಿಗೆ ಅದೇ ಸಂಜೆ ನಡೆದಿದೆ.

ನಾನೇ ಬೋಣಿ ಮಾಡೋಣವೆಂದು ನೋಡಿದೆ. ಬೇಕುಗಂಡಿಯಿಂದ ಬಂದ ರೊಟ್ಟಿ ಒಯ್ದೆ, ಸೀರೆ ಒಯ್ದೆ, ನನ್ನ ಕೈಬಳೆಯನ್ನೂ ಬಿಚ್ಚಿ ಮುಂದಿಟ್ಟೆ. ಅದೂ ಗಂಡಿಯದೇ. ಅವನ ಕಣ್ಣಿಗೆ ಅವು ಕಾಣುವುದೇ ಇಲ್ಲ. ನಾನು ಬರಿಗೈ ಚಾಚಿದ್ದೇನೆ ಎಂದುಕೊಂಡು, ನನಗೆ ನಾಚಿಕೆಯಾಗದಿರಲೆಂದು ತಾನೇ ಮಾರಿ ತಿರುಗಿಸುತ್ತಾನೆ. “ತಗೊಳ್ಳದಿದ್ರ ಬಿಡವಾ. ಕೂಡು. ಕೂಡಾಕೇನ ರೊಕ್ಕ ಕೊಡಬೇಕಾಗಿಲ್ಲ,” ಎನ್ನುತ್ತಾನೆ. ಕೂಡುತ್ತೇನೆ. ಸತ್ತುಹೋದ ಎತ್ತುಗಳ ಹೆಸರು ಹೇಳುತ್ತಾನೆ, ಯಾವುದರ ಕೊರಳಿಗೆ ಯಾವ ಸದ್ದು ಒಪ್ಪುತ್ತಿತ್ತು ಎಂದು ಗೆಜ್ಜೆ ಅಲ್ಲಾಡಿಸಿ ತೋರಿಸುತ್ತಾನೆ. ನಡುನಡುವೆ ಓಣಿಯತ್ತ ಕತ್ತು ಚಾಚಿ, “ಕಾಶವ್ವ ಬರತಾಳ. ಇಷ್ಟ ವರ್ಷದಾಗ ಒಂದ ದಿನಾ ತಪ್ಪಿಸಿಲ್ಲ. ಆಕಿ ಬಂದ ಮ್ಯಾಲ ಹಲಗಿ ಹಾಕತೇನಿ,” ಎನ್ನುತ್ತಾನೆ. ಆಗ ನಾನು ನಿನ್ನ ಮೂಗಿರುವ ಮಾರಿಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ.

ಹೀಗೆಯೇ ನಡೆಯಲಿ ಎಂದು ನಾನು ಸುಮ್ಮನಿದ್ದೆ, ಅವನು ಕಾಯಲಿ, ನಾನು ಹೋಗಿ ಕೂಡುತ್ತೇನೆ ಎಂದು. ಆದರೆ ನಾಲ್ಕನೆಯ ಮುಚ್ಚಳ ಬರುತ್ತಿದೆ. ಭಾರ ತಡೆಯಲೆಂದು ಕೆಳಗಿನ ನೆಲಕ್ಕೆಲ್ಲ ‘ಗಚ್ಚುನೊರೆ’ ತುಂಬುತ್ತಾರೆ. ಅದು ಹಾಲಿನಂತೆ ಹರಿದು, ಸಂದುಗೊಂದಿಗೆಲ್ಲ ಹೊಕ್ಕು, ಗಳಿಗೆಯೊಳಗೆ ಕಲ್ಲಾಗುವ ನೊರೆ. ಎಡೆಯ ಮರುದಿನ ನಮ್ಮ ಕೆಳಗೆ ಸುರಿಯುತ್ತಾರೆ. ಅವತ್ತಿಗೂ ಆ ಬಾಗಿಲು ತೆರೆದೇ ಇದ್ದರೆ, ಆ ಮುದುಕ ಹೊರಗೆ ನೋಡುತ್ತ ಕಲ್ಲಿನೊಳಗೆ ಕೂತಿರುತ್ತಾನೆ. ಕೊರಳು ಚಾಚಿದರೆ ಓಣಿ ಇರುವುದಿಲ್ಲ, ಮೆಟ್ಟಿಲಿಳಿದು ಬರಲು ನಾನೂ ಇರುವುದಿಲ್ಲ. ಗೆಜ್ಜೆ ಮಾತ್ರ ಕಲ್ಲಿನೊಳಗೆ ಅಲ್ಲಾಡುತ್ತಿರುತ್ತದೆ.

ಅದಕ್ಕೆ ಇಷ್ಟೆಲ್ಲ ಬರೆದೆ. ಯಂತ್ರವನ್ನು ನೀನು ತಡೆಯಲಾರೆ, ಓಣಿಯನ್ನು ಉಳಿಸಲಾರೆ, ಅದನ್ನು ನಾನು ಕೇಳುತ್ತಿಲ್ಲ. ಆ ಸಂಜೆ ಚೀಲ ಹಿಡಿದು ನಿಂತಾಗ ಹಿಂಬಾಗಿಲಿಗೆ ಹೋಗಬೇಡ. ದೀಪ ಹಚ್ಚುವ ಮುಂಚೆ ಅವನ ಕಟ್ಟೆ ಹತ್ತು. ನೆಪ ತೋಚದಿದ್ದರೆ ನಾನು ಹೇಳಿಕೊಡುತ್ತೇನೆ: ಬೆಕ್ಕಿನ ಗೆಜ್ಜೆ ಕಳೆದುಹೋಗಿದೆ ಎನ್ನು. ನಾಳೆಯ ಸುದ್ದಿ ಎತ್ತಬೇಡ. ಕಣ್ಣಲ್ಲಿ ನೀರು ತರಬೇಡ, ಅವನಿಗೆ ತಿಳಿದುಬಿಡುತ್ತದೆ. ಹೋದ ಸಲದ ಗೆಜ್ಜೆ ತುಕ್ಕು ಹಿಡಿಯಿತು ಎಂದು ಜಗಳ ತೆಗೆ. ಅವನು ಹೇಳಿದ ಬೆಲೆಗೆ ಒಪ್ಪಬೇಡ. ಅರ್ಧಕ್ಕೆ ಕೇಳು, ಎದ್ದು ಹೊರಟಂತೆ ಮಾಡು, ಅವನು ಕರೆಯುತ್ತಾನೆ, ತಿರುಗಿ ಬಾ. ದುಡ್ಡನ್ನು ಕಟ್ಟೆಯ ಮೇಲೆ ಇಡದೆ ಕೈಯಲ್ಲೇ ಕೊಡು. ಅವನು ಅದನ್ನು ಕಣ್ಣಿಗೆ ಒತ್ತಿಕೊಳ್ಳುವುದನ್ನು ನೋಡಿದ ಮೇಲೆ ಹೊರಡು. ಹಲಗೆಗಳು ಒಂದೊಂದಾಗಿ ಕೂಡುವ ಸದ್ದು ನಿನ್ನ ಬೆನ್ನಿಗೆ ಕೇಳಿಸಬೇಕು, ಅಲ್ಲಿಯವರೆಗೆ ಮೆಲ್ಲಗೆ ನಡೆ.

ನೀನು ಹೋದದ್ದೇ ಆದರೆ ನನಗೆ ಗೊತ್ತಾಗುವುದು ಹೇಗೆ ಎಂದು ಯೋಚಿಸಿದ್ದೇನೆ. ಆ ಅಂಗಡಿ ನನ್ನ ಕಾಲದಲ್ಲಿ ತೆರೆದಿರುವುದಿಲ್ಲ. ನನ್ನನ್ನು ಯಾರೂ ‘ಏನ ಬೇಕಾಗಿತ್ತು’ ಎಂದು ಕೇಳಿರುವುದಿಲ್ಲ. ಆ ಎತ್ತುಗಳ ಹೆಸರು ನನಗೆ ಮರೆತಿರುತ್ತದೆ, ಈ ಓಲೆ ಬರೆದದ್ದೂ ನೆನಪಿರಲಿಕ್ಕಿಲ್ಲ. ಮುಪ್ಪಿನಲ್ಲಿ ಸಿಕ್ಕ ಒಂದೇ ಒಂದು ಕಟ್ಟೆ ಅದು ನನಗೆ. ಎರಡು ದಿನ ಇದನ್ನು ಬರೆಯದೆ ತಡೆದದ್ದು ಆ ಆಸೆಗೇ. ಇರಲಿ. ಒಬ್ಬ ಮನುಷ್ಯನಿಗೆ ಒಂದು ಸಂಜೆ ಇಷ್ಟು ಉದ್ದವಾಗಬಾರದು.

ನಾಳೆ ಎಡೆ ಇಟ್ಟು, ದೀಪ ಹಚ್ಚುವ ಹೊತ್ತಿಗೆ ಕೆಳಗಿಳಿಯುತ್ತೇನೆ. ಏಕೆ ಇಳಿದೆ ಎಂದು ತಿಳಿಯದೆ, ಎರಡು ಕಂಬಗಳ ನಡುವೆ ಬರಿಯ ಮಣ್ಣು ನೋಡಿ, ಮುದುಕಿಗೆ ಅರಳುಮರಳು ಎಂದು ನನ್ನನ್ನೇ ಬೈದುಕೊಂಡು ಮೆಟ್ಟಿಲು ಹತ್ತುವಂತಾಗಲಿ.

ಹೊತ್ತಾಗುತ್ತಿದೆ, ಏಳು ಅವ್ವಾ. ಚೀಲ ತಗೋ.